ಡ್ಯೂಟಿ ಚಾರ್ಟಿನಲ್ಲಿ ಮಲಗಿದ್ದ ಮಹಾರಾಜರು

ಮಾರ್ಚ್ ೧೨, ಗುರುವಾರ

ಹದಿನೆಂಟು ವರ್ಷ ನಮ್ಮ ಡಿಪೋದ ಬಸ್ ಡ್ರೈವರುಗಳಿಗೆ ಡ್ಯೂಟಿ ಹಂಚಿದ, ನಾನೇ ಕಂಪ್ಯೂಟರಿನಲ್ಲಿ ಬರೆದಿಟ್ಟ ಪುಟ್ಟ ಪ್ರೋಗ್ರಾಮು, ನನ್ನ ಮ್ಯಾಕ್ರೋಗೆ ಮರಣದಂಡನೆ! ಅದನ್ನು ಬರೆದ ಹಳೇ ಕಂಪ್ಯೂಟರ್ ಭಾಷೆಯನ್ನೇ ನಿಲ್ಲಿಸುತ್ತಾರಂತೆ ಸಾಫ್ಟ್‌ವೇರ್ ಕಂಪನಿಯವರು.

ಇವತ್ತು ಪ್ರೋಗ್ರಾಮರ್ ಹುಡುಗಿ ಅದನ್ನೇ ಹೊಸ ಭಾಷೆಯಲ್ಲಿ ಬರೆದು ಚಾರ್ಟ್ ತಂದಳು. ನೋಡಿದರೆ, ರಾತ್ರಿ ಪಾಳಿ ಮುಗಿಸುವ ಮೀಸೆ ಡ್ರೈವರನಿಗೇ ಬೆಳಗಿನ ಐದರ ಬಸ್ಸು!

"ನಿಲ್ಲಿಸು ತಾಯಿ! ನಿದ್ದೆಗಣ್ಣಲ್ಲಿ ಐವತ್ತು ಜನರನ್ನ ಎಲ್ಲಿಗೆ ಕರ್ಕೊಂಡು ಹೋಗ್ತಾನೆ?"

"ಅಂಥ ನಿಯಮ ಎಲ್ಲೂ ಇರ್ಲಿಲ್ವಲ್ಲ ಸರ್."

ಇತ್ತು. ಮ್ಯಾಕ್ರೋದೊಳಗೆ ನನ್ನದೇ ನಾಟಕದ ಶೈಲಿಯಲ್ಲಿ ಬರೆದಿದ್ದೆ: 'ಮಹಾರಾಜರು ಮಲಗಿದ್ದಾರೆ. ಎಂಟು ಗಂಟೆ ಕಾಲ ಪರದೆ ಎತ್ತಕೂಡದು.' ಅಂದರೆ, ರಾತ್ರಿ ಪಾಳಿ ಮುಗಿಸಿದವನಿಗೆ ಎಂಟು ಗಂಟೆ ಡ್ಯೂಟಿ ಇಲ್ಲ ಅಂತ ಅವಳಿಗೆ ತೋರಿಸಿದೆ.

"ಅಯ್ಯೋ, ಅದು ನಿಮ್ಮ ತಮಾಷೆ ಅಂತ ಆ ಭಾಗಾನೇ ಬಿಟ್ಬಿಟ್ಟೆ ಸರ್!"

ನನ್ನ ನಾಟಕದ ಹುಚ್ಚು ಇವತ್ತು ಒಂದು ಬಸ್ಸನ್ನೇ ಹಳ್ಳಕ್ಕೆ ಕೆಡವುತ್ತಿತ್ತು. ತಕ್ಷಣ ಎದ್ದು ನಿಂತು, ಮ್ಯಾಕ್ರೋದ ಸಾಲುಸಾಲನ್ನೂ ಡಿಪೋ ನಡುಗುವಂತೆ ಓದಿ ಅರ್ಥ ಹೇಳಿದೆ. ಅವಳು ನಗುತ್ತಲೇ ಟೈಪಿಸಿದಳು. ಭಾಷೆ ಹೋದರೆ ಹೋಗಲಿ, ಬರೆದವನು ಗಟ್ಟಿಯಾಗಿದ್ದೇನೆ.

ಸಂಜೆ ಹೊಸ ಚಾರ್ಟ್ ಬಂತು, ಒಂದೂ ತಪ್ಪಿಲ್ಲ. ಮಹಾರಾಜರ ಸಾಲನ್ನು ಅವಳು ಹಾಗೇ ಉಳಿಸಿಕೊಂಡು, ಕೆಳಗೆ ಸೇರಿಸಿದ್ದಾಳೆ: 'ಇದು ತಮಾಷೆಯಲ್ಲ.'

ನಾಳೆ ಮೀಸೆಯಣ್ಣ ಮಧ್ಯಾಹ್ನದವರೆಗೂ ಗೊರಕೆ ಹೊಡೆಯಲಿ. ನನಗೂ ಈಗ ಕಣ್ಣು...