ಪಾತ್ರೆ ತೊಳೆಯುವಲ್ಲಿನ ಕೆಸರಿನ ಹಕ್ಕಿ

ಅಕ್ಕನಿಗೆ ತಂಗಿಯ ನಮಸ್ಕಾರ.

ನಿನ್ನ ಹೆರಿಗೆಗೆ ಮುಂಚೆ ಬರುತ್ತೇನೆ ಎಂದು ಮಾತು ಕೊಟ್ಟಿದ್ದೆ. ಈ ಹಕ್ಕಿ ನೋಡುವವರ ಬಿಡಾರದಲ್ಲಿ ಬೇಯಿಸಿ ತೊಳೆದು ಸಾಕಾಗಿದೆ. ಒಂದು ಅಪರೂಪದ ಹಕ್ಕಿ ಕಂಡ ಕೂಡಲೇ ಬಿಡಾರ ಎತ್ತುತ್ತೇವೆ ಎಂದಿದ್ದರು ದೊಡ್ಡ ಸರ್. ಬೆಳಗಾದರೆ ಎಲ್ಲರೂ ಕೆರೆಯ ಕಡೆ ದುರ್ಬೀನು ಹಿಡಿದು ಕೂರುತ್ತಾರೆ. ನಿನ್ನೆ ಅದು ಅವರ ಬೆನ್ನ ಹಿಂದೆ, ನಾನು ಪಾತ್ರೆ ತೊಳೆಯುವ ಜಾಗದ ಕೆಸರಿಗೆ ಹುಳ ಹೆಕ್ಕಲು ಬಂತು. ಅವರ ಪುಸ್ತಕದ ಚಿತ್ರದಲ್ಲಿದ್ದ ಹಾಗೆಯೇ ಹಳದಿ ತಲೆ, ಸುಮ್ಮನಿರದ ಬಾಲ. ಕೂಗಿದರೆ ಹಾರೀತೆಂದು ಮೆಲ್ಲಗೆ ಹೋಗಿ ಸರ್ ಅಂಗಿಯ ತೋಳು ಜಗ್ಗಿದೆ. ಇಷ್ಟು ದಿನ ಅವರೆದುರು ತಲೆ ಎತ್ತಿದವಳಲ್ಲ.

ಇನ್ನು ಗಂಟುಮೂಟೆ ಕಟ್ಟಬಹುದು ಅಂದುಕೊಂಡೆ. ಸರ್ ಹೇಳಿದರು, "ಅದು ಹೋಗೋ ತನಕ ನಾವೂ ಹೋಗಲ್ಲ ಕಣಮ್ಮ. ನೀನು ಅಲ್ಲೇ ನೀರು ಚೆಲ್ತಾ ಇರು, ಕೆಸರು ಒಣಗಬಾರದು."

ಬಿಡಾರದ ಜೀಪು ಓಡಿಸುವ ಡ್ರೈವರಣ್ಣ ನಕ್ಕ. "ಬೇಕಿತ್ತಾ ನಿನಗೆ ಇದು? ಯಾರೂ ಇಲ್ಲದಾಗ ಒಂದು ಚಪ್ಪಾಳೆ ತಟ್ಟು, ಹಾರಿ ಹೋಗುತ್ತೆ. ನಾಳೆನೇ ಬಸ್ ಹತ್ತಿಸ್ತೀನಿ."

ಇವತ್ತು ಬೆಳಿಗ್ಗೆ ಕೈ ಎತ್ತಿಯೇ ಬಿಟ್ಟಿದ್ದೆ ಅಕ್ಕ. ಬಡಕಲು ಹಕ್ಕಿ, ಒಂದೇ ಸಮ ತಿನ್ನುತ್ತಿತ್ತು. ಚಳಿಗಾಲ ಮುಗಿಯಿತಲ್ಲ, ಅದೂ ತನ್ನೂರಿಗೆ ಹೊರಟಿದೆಯಂತೆ, ಬಲು ದೂರವಂತೆ. ಚಪ್ಪಾಳೆ ತಟ್ಟಲಾಗಲಿಲ್ಲ. ಇನ್ನೊಂದು ಕೊಡ ನೀರು ಚೆಲ್ಲಿ ಬಂದೆ.

ಕೈ ಒಡೆದಿದೆ, ಎಣ್ಣೆ ಹಚ್ಚುತ್ತಿದ್ದೇನೆ. ಜ್ವರ ಗಿರ ಏನಿಲ್ಲ. ನನ್ನ ದಾರಿ ಕಾಯದೆ ಚಿಕ್ಕಮ್ಮನನ್ನು ಈಗಲೇ ಕರೆಸಿಕೋ. ಡ್ರೈವರಣ್ಣ ಪೇಟೆಗೆ ಹೊರಟ, ಅಂಚೆಗೆ ಹಾಕಲು ಈ ಕಾರ್ಡ್ ಕೊಡು ಅನ್ನುತ್ತಿದ್ದಾನೆ. ಹಕ್ಕಿ ಹಾರಿದ ದಿನವೇ ನಾನೂ ಹೊರಡುತ್ತೇನೆ.

ನಿನ್ನ ತಂಗಿ