ಬೀಳದೇ ಹೋದ ಮೂರು ಏಟು

ಬಂದರು ರಸ್ತೆ, ಹಿಂದಿನ ಕೋಣೆ
ಮಾರ್ಚ್ ೧೪, ಸಂಜೆ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಮೊಣಕಾಲು ನೋವು ಕಡಿಮೆಯಾಯಿತೇ? ಒದ್ದೆ ಕಾಲುಚೀಲದಲ್ಲೇ ಮಲಗುವುದನ್ನು ಬಿಟ್ಟೆಯೋ ಇಲ್ಲವೋ? ಸಮುದ್ರದ ಆರೋಗ್ಯಕ್ಕಾಗಿ ಊರೂರು ಸುತ್ತುವ ಮಹಾನುಭಾವ, ನಿನ್ನ ಆರೋಗ್ಯವನ್ನೂ ಸ್ವಲ್ಪ ನೋಡಿಕೋ. ಪತ್ರಿಕೆಯಲ್ಲಿ ನಿನ್ನ ಫೋಟೊ ಬಂದಿತ್ತು. ಕಾರ್ಖಾನೆಯ ಕೊಳಚೆ ಕೊಳವೆಗೆ ದೋಣಿ ಅಡ್ಡ ನಿಲ್ಲಿಸಿ ಅಕಾರ್ಡಿಯನ್ ನುಡಿಸುತ್ತಾ ಕೂತಿದ್ದೀಯಲ್ಲ ಪುಣ್ಯಾತ್ಮ, ಆ ಗಡ್ಡದಲ್ಲಿ ಹಕ್ಕಿ ಸಂಸಾರ ಹೂಡಬಹುದು. ನಕ್ಕೆ, ಆಮೇಲೆ ಅಳು ಬಂತು. ಕತ್ತರಿಸಿ ಹೊಲಿಗೆ ಯಂತ್ರದ ಮೇಲೆ ಅಂಟಿಸಿದ್ದೇನೆ. ಹಾಯಿ ಹೊಲಿಯುವಾಗ ಎದುರಿಗೇ ಇರುತ್ತೀಯ.

ಅಪ್ಪನ ವಿಷಯ ಬರೆಯಬೇಕು. ದೋಣಿಯಿಂದ ಕೆರೆದ ಹಳೇ ಬಣ್ಣ ನೀರಿಗೆ ಸೇರುತ್ತದೆಂದು ನೀನು ದೂರು ಕೊಟ್ಟು ಅವರ ದೋಣಿ ರಿಪೇರಿ ಅಂಗಳಕ್ಕೆ ಆರು ತಿಂಗಳು ಬೀಗ ಹಾಕಿಸಿದಾಗ "ನನ್ನ ಅನ್ನಕ್ಕೇ ಕಲ್ಲು ಹಾಕ್ದ" ಎಂದು ಕೂಗಾಡಿದ್ದರು, ನಿಜ. "ಆ ಬಣ್ಣದ ವಿಷಕ್ಕೆ ಮೀನೂ ಸಾಯ್ತವೆ, ನೀವೂ ಸಾಯ್ತೀರಿ" ಎಂದು ನೀನೂ ಬಿಡಲಿಲ್ಲ. ಇಬ್ಬರದೂ ಒಂದೇ ಮೊಂಡುತನ, ನಡುವೆ ನಾನು. ಬೀಗ ತೆಗೆದ ಮೇಲೆ ಅವರು ಏನು ಮಾಡಿದರು ಗೊತ್ತಾ? ನನ್ನಿಂದ ಹರಿದ ಹಾಯಿ ಇಸಿದುಕೊಂಡು ದೋಣಿಯ ಕೆಳಗೆ ಹಾಸಿ, ಕೆರೆದ ಬಣ್ಣದ ಪುಡಿ ಒಂದು ಚೂರೂ ನೀರಿಗೆ ಬೀಳದ ಹಾಗೆ ಡಬ್ಬಕ್ಕೆ ತುಂಬತೊಡಗಿದರು. ಕೇಳಿದರೆ "ನೆಲ ಗಲೀಜಾಗತ್ತೆ, ಅದಕ್ಕೆ" ಎನ್ನುತ್ತಿದ್ದರು.

ನೀನು ಮೊದಲ ಸಲ ಹಡಗು ಹತ್ತಿದಾಗಿನಿಂದ ನಮ್ಮ ಮನೆಯಲ್ಲಿ ಒಂದೇ ಕ್ರಮ. ಬಂದರಿನ ಬಾಯಿಗೆ ಬಂದು ನೀನು ನುಡಿಸಬೇಕು, ಅಪ್ಪ ಅಂಗಳದಿಂದ ಮರದ ಕೊಡತಿಯಲ್ಲಿ ದೋಣಿಯ ಹಲಗೆಗೆ ಮೂರು ಏಟು ಹಾಕಬೇಕು. ಅದು ಕೇಳಿದ ಮೇಲೇ ನೀನು ಒಳಗೆ ಬರುವುದು. ಜಗಳದ ನಂತರ ಮೊದಲ ಸಲ ಹೋದ ವರ್ಷ ಬಂದೆ, ಅರ್ಧ ಗಂಟೆ ನುಡಿಸಿದೆ. ಏಟು ಬೀಳಲಿಲ್ಲ. ದೋಣಿ ತಿರುಗಿಸಿಕೊಂಡು ಹೋಗಿಬಿಟ್ಟೆ. ಕಿಟಕಿಯಲ್ಲಿ ನಿಂತು ಎಲ್ಲ ಕೇಳಿದ ನಾನು ಅಪ್ಪನ ಜೊತೆ ಒಂದು ತಿಂಗಳು ಮಾತು ಬಿಟ್ಟೆ.

ಮೊನ್ನೆ ಅಪ್ಪನಿಗೆ ಕೆಮ್ಮು ಹೆಚ್ಚಾಯಿತೆಂದು ಆಸ್ಪತ್ರೆಗೆ ಸೇರಿಸಿದೆ. "ಇವರಿಗೆ ದೂರದ ಸದ್ದು ಏನೂ ಕೇಳಿಸ್ತಿಲ್ಲ. ಎರಡು ವರ್ಷವಾದ್ರೂ ಆಗಿರತ್ತೆ. ಮನೇಲಿ ಯಾರಿಗೂ ಗೊತ್ತಾಗ್ಲಿಲ್ವಾ?" ಎಂದರು ಡಾಕ್ಟರು. ಎಲ್ಲಿಂದ ಗೊತ್ತಾಗಬೇಕು? ಹೊಲಿಗೆ ಯಂತ್ರದ ಗದ್ದಲದಲ್ಲಿ ನಾವಿಬ್ಬರೂ ಕೂಗಿಯೇ ಮಾತಾಡುವವರು. ಅಪ್ಪನಿಗೂ ತಿಳಿದಿರಲಿಲ್ಲ, ಊರಿನವರೆಲ್ಲ ಈಗ ಮೆಲ್ಲಗೆ ಮಾತಾಡುತ್ತಾರೆ ಎಂದುಕೊಂಡಿದ್ದರಂತೆ. ಅವತ್ತು ಹಾಸಿಗೆಯಲ್ಲಿ ಮಲಗಿ ಹೇಳಿದರು: "ಹೋದ ವರ್ಷ ಬಂದಿದ್ದ ಕಣೇ, ದೋಣಿ ನೋಡ್ದೆ. ಕೊಡತಿ ಹಿಡ್ಕೊಂಡೇ ನಿಂತಿದ್ದೆ. ಒಂದ್ಸಲ ನುಡಿಸಿದ್ರೆ ಅವನ ಗಂಟೇನು ಹೋಗ್ತಿತ್ತು?"

ಅವರ ಕಿವಿಗೆ ಬಾಯಿಟ್ಟು ನಿಜ ಹೇಳಿದೆ. ಆಮೇಲೆ ಮನೆಯಿಂದ ಕೊಡತಿ ತರಿಸಿಕೊಂಡರು.

ದೋಣಿಯಲ್ಲಿ ನಿನ್ನ ಜೊತೆಗಿರುವವರಿಗೆ ನನ್ನ ನೆನಪು ಹೇಳು. ಗಾಳಿ ನಿನ್ನ ಕಡೆಗಿರಲಿ, ಹೊಟ್ಟೆ ತುಂಬಿರಲಿ.

ಇಂತಿ,
ಬೈದರೂ ನಿನ್ನವಳೇ ಆದ
ಅಕ್ಕ

ಮೇಲೆ ಬರೆಯಲು ಕೈ ಬರಲಿಲ್ಲ: ಬಣ್ಣದ ಪುಡಿ ಅಪ್ಪನ ಶ್ವಾಸಕೋಶ ತಿಂದುಹಾಕಿದೆ. ಇನ್ನು ಹೆಚ್ಚೆಂದರೆ ಹತ್ತು ದಿನ ಎಂದಿದ್ದಾರೆ ಡಾಕ್ಟರು. ನೀನು ಹೇಳಿದ್ದೇ ಸರಿಯಾಯಿತು ತಮ್ಮಾ, ಸರಿಯಾಗದಿದ್ದರೆ ಎಷ್ಟು ಚೆನ್ನಾಗಿತ್ತು. ಬಂದರಿನ ಬಾಯಲ್ಲಿ ನಿಂತು ಕಾಯಬೇಡ, ಸೀದಾ ಆಸ್ಪತ್ರೆಗೆ ಬಾ. ಅಕಾರ್ಡಿಯನ್ ಅವರ ಎದೆಗೆ ಆನಿಸಿ ನುಡಿಸು. ಕೊಡತಿ ದಿಂಬಿನ ಕೆಳಗೇ ಇದೆ, ನರ್ಸ್ ತೆಗೆಯಲು ಹೋದರೂ ಬಿಡುತ್ತಿಲ್ಲ.