ಓಡಿಸಿ ಎಂದರೆ ಕೊಲ್ಲಿ ಎಂದು ಓದಿದವರಿಗೆ

ಜಯನಗರ
೧೭ ಫೆಬ್ರವರಿ ೧೯೬೪

ಕೆರೆಹಕ್ಕಿಗಳ ಹತೋಟಿಯ ಹೊಣೆ ಹೊತ್ತಿರುವ ಮಾನ್ಯ ಅಧಿಕಾರಿಗಳೇ,

ಬರುವ ಭಾನುವಾರ ನಮ್ಮ ಕೆರೆಯಲ್ಲಿ ಎರಡನೆಯ ಸಲ ಹೆಬ್ಬಾತುಗಳಿಗೆ ಗುಂಡಿಕ್ಕಲಾಗುವುದೆಂದೂ, ಇದು 'ಸಾರ್ವಜನಿಕರ ಒಕ್ಕೊರಲ ಬೇಡಿಕೆ'ಯೆಂದೂ ಸಾರುವ ತಮ್ಮ ಕಚೇರಿಯ ನೋಟೀಸು ಬಸ್ ನಿಲ್ದಾಣದ ಗೋಡೆಯ ಮೇಲೆ ಇಂಗ್ಲಿಷಿನಲ್ಲಿ ರಾರಾಜಿಸುತ್ತಿದೆ. ಆ ಸಾರ್ವಜನಿಕರಲ್ಲಿ ನಾನೂ ಒಬ್ಬಳು. ನನ್ನ ಕೊರಳು ಆ ಒಕ್ಕೊರಲಿನೊಳಗೆ ಯಾವಾಗ ಸೇರಿಹೋಯಿತೋ ನನಗೆ ಗೊತ್ತಿಲ್ಲ. ತಮಗೆ ಗೊತ್ತಿದೆ. ಪ್ರಜೆಯ ಮನಸ್ಸು ಪ್ರಜೆಗಿಂತ ಮೊದಲೇ ಸರ್ಕಾರಕ್ಕೆ ತಿಳಿದುಬಿಡುವುದು ಸ್ವಾತಂತ್ರ್ಯ ಬಂದ ಹದಿನಾರು ವರ್ಷಗಳಲ್ಲಿ ನಾವು ಸಾಧಿಸಿರುವ ಪ್ರಗತಿಯೇ ಸರಿ.

ತಾವು ಕೆಲಸದ ಒತ್ತಡದಲ್ಲಿ ಮರೆತಿರಬಹುದು, ಇದೆಲ್ಲ ಶುರುವಾದದ್ದು ಒಂದು ಅರ್ಜಿಯಿಂದ. ಅದನ್ನು ಬರೆದವಳು ನಾನು. ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾಗಿ, ಈ ಹೊಸ ಬಡಾವಣೆಯಲ್ಲಿ ಮನೆ ಮಾಡಿಕೊಂಡಿದ್ದೇನೆ. ಸಾರಕ್ಕಿಯ ದಾರಿಯಲ್ಲಿರುವ ಕೆರೆಯವರೆಗೆ ದಿನವೂ ಬೆಳಿಗ್ಗೆ ನಡೆದು ಹೋಗುತ್ತೇನೆ. ಚಳಿ ಬಿದ್ದೊಡನೆ ಬಡಗಣ ದೇಶದಿಂದ ಅಲ್ಲಿಗೆ ಹೆಬ್ಬಾತುಗಳು ಬರುತ್ತವೆ. ಬಿಳಿಯ ತಲೆಯ ಮೇಲೆ ಎರಡು ಕಪ್ಪು ಪಟ್ಟೆ, ಬೂದು ಮೈ. ನೋಡಲು ಬಲು ಸೊಗಸು. ಕೆರೆಯ ಕೆಳಗೆ ಗದ್ದೆ ಮಾಡುವ ಚಿಕ್ಕಬೈರಪ್ಪನವರಿಗೆ ಡಿಸೆಂಬರಿನ ಒಂದು ಬೆಳಿಗ್ಗೆ ಆ ಸೊಗಸನ್ನು ನಾನು ಬಣ್ಣಿಸತೊಡಗಿದೆ. ನಮ್ಮ ಬಡಾವಣೆಗೆ ಹೊಲ ಬಿಟ್ಟುಕೊಟ್ಟು, ಎರಡು ತುಂಡು ಗದ್ದೆಯಷ್ಟೇ ಉಳಿಸಿಕೊಂಡಿರುವ ಮನುಷ್ಯ ಅವರು. ನಾನು ಹೇಳಿದ್ದನ್ನೆಲ್ಲ ತಾಳ್ಮೆಯಿಂದ ಕೇಳಿಸಿಕೊಂಡರು.

"ನಿಮ್ಗೆ ಚೆಂದ ಕಾಣ್ತವೆ ಅಮ್ಮಾವ್ರೆ. ನನ್ ಒಟ್ಲು ಮೇಯ್ತಾ ಅವೆ. ಮಡೀಲಿ ಬೆಳ್ಸಿರೋ ಎಳೇ ಪೈರೆಲ್ಲ ಅವುಕ್ಕೇ ಆದ್ರೆ ನಾಟಿಗೆ ಎಲ್ಲಿಂದ ತರ್ಲಿ?" ಎಂದರು.

ನನಗೆ ನಾಚಿಕೆಯಾಯಿತು. ಇಷ್ಟು ದಿನ ಹಕ್ಕಿ ನೋಡಿದವಳು ಅದು ಏನು ತಿನ್ನುತ್ತಿದೆಯೆಂದು ನೋಡಿರಲಿಲ್ಲ.

"ಹಾಗಾದರೆ ಅವನ್ನ ಕೊಲ್ಲಿಸಬೇಕು ಅಂತೀರಾ?" ಎಂದು ಕೇಳಿದೆ.

"ಸಿವ ಸಿವಾ! ಕೊಲ್ಲಿ ಅಂತ ನಾನೆಲ್ಲಂದೆ? ನಮ್ಮಪ್ಪನ ಕಾಲದಿಂದ ಬತ್ತಾ ಅವೆ. ಪೈರು ಬೇರು ಕಚ್ಚೋಗಂಟ ಓಡ್ಸಕ್ಕೆ ನಾಕಾಳು ಕೊಡ್ಲಿ ಸರ್ಕಾರ್ದೋರು. ಅಷ್ಟು ಬರ್ಕೊಡಿ."

ಅಷ್ಟೇ ಬರೆದುಕೊಟ್ಟೆ. 'ಹೆಬ್ಬಾತುಗಳನ್ನು ಗದ್ದೆಯಿಂದ ಓಡಿಸಲು ನಾಲ್ಕು ಆಳುಗಳನ್ನು ಒದಗಿಸಬೇಕಾಗಿ ಪ್ರಾರ್ಥನೆ.' ದುಂಡಗಿನ ಕನ್ನಡ ಅಕ್ಷರ, ಕಾಗುಣಿತದ ತಪ್ಪಿಲ್ಲ. ತಮ್ಮ ಕಚೇರಿಯೊಳಗೆ ಆ ಅರ್ಜಿ ಯಾವ ಯಾವ ಮೇಜುಗಳನ್ನು ಹತ್ತಿ ಇಳಿಯಿತೋ, ಇಂಗ್ಲಿಷಿಗೆ ತಿರುಗುವಾಗ 'ಓಡಿಸಲು' ಎಂಬುದು 'ನಾಶಪಡಿಸಲು' ಎಂದಾಯಿತು. ನಾಲ್ಕು ಆಳುಗಳು ನಾಲ್ಕು ಬಂದೂಕುಗಳಾದವು. ಸಂಖ್ಯೆಯನ್ನಾದರೂ ಬದಲಿಸದೆ ಉಳಿಸಿಕೊಟ್ಟಿದ್ದಕ್ಕೆ ತಮ್ಮ ಭಾಷಾಂತರಕಾರರಿಗೆ ನನ್ನ ವಂದನೆಗಳು.

ಆದರೂ ತಾವು ಪ್ರಜಾಪ್ರಭುತ್ವವಾದಿಗಳು. ಜನಾಭಿಪ್ರಾಯ ಸಂಗ್ರಹಿಸದೆ ಮುಂದುವರಿಯುವವರಲ್ಲ. ಜನವರಿಯ ಒಂದು ಮಂಗಳವಾರ ಹಗಲು ಹನ್ನೊಂದು ಗಂಟೆಗೆ ಕೆರೆಯ ಏರಿಯ ಮೇಲೆ ಸಭೆ ಕರೆದಿರಿ. ಗಂಡಸರು ಕಚೇರಿಯಲ್ಲಿ, ಹೆಂಗಸರು ಅಡಿಗೆಮನೆಯಲ್ಲಿ, ರೈತರು ಗದ್ದೆಯಲ್ಲಿ ಇರುವ ಆ ಶುಭ ಮುಹೂರ್ತವನ್ನು ಯಾವ ಪಂಚಾಂಗ ನೋಡಿ ಆರಿಸಿದಿರೋ! ಅಂದು ತೂಬಿನ ನೀರು ಚಿಕ್ಕಬೈರಪ್ಪನವರ ಗದ್ದೆಗೆ ತಿರುಗುವ ಸರದಿ. ಅವರು ಬರುವಂತಿರಲಿಲ್ಲ. ನೆರೆದ 'ಸಾರ್ವಜನಿಕರು' ನಾವು ನಾಲ್ವರು: ತಮ್ಮ ಜೀಪಿನಲ್ಲೇ ಬಂದಿಳಿದ ಇಬ್ಬರು ಬೇಟೆಗಾರ ಮಹನೀಯರು, ನಾನು, ನಮ್ಮ ಪಕ್ಕದ ಮನೆಯ ನಿವೃತ್ತ ಗುಮಾಸ್ತರಾದ ಏಕಾಂತಯ್ಯನವರು. ಏಕಾಂತಯ್ಯನವರು ಹೆಬ್ಬಾತನ್ನು ಕಂಡವರೇ ಅಲ್ಲ. ತಾವು ಚಾಚಿದ ಕಾಗದಕ್ಕೆ ರುಜು ಹಾಕಿ, "ಸರ್ಕಾರದವರು ಸುಮ್ಸುಮ್ನೆ ಹೇಳ್ತಾರೇನ್ರೀ? ಅವುಗಳಿಂದ ರೋಗ ಬರತ್ತಂತೆ" ಎಂದು ನನಗೂ ಬುದ್ಧಿ ಹೇಳಿದರು. ನಾನು ಕೈ ಎತ್ತಿದೆ. ಪ್ರಶ್ನೆ ಕೇಳಬೇಕಾದರೆ ಕೈ ಎತ್ತಬೇಕೆಂದು ಮೂವತ್ತು ವರ್ಷ ಮಕ್ಕಳಿಗೆ ಕಲಿಸಿದವಳು ನಾನು. ತಾವು ಅದನ್ನು ಸಮ್ಮತಿಯೆಂದು ಬರೆದುಕೊಂಡು, "ಸರ್ವಾನುಮತ" ಎಂದು ಜೀಪು ಹತ್ತಿದಿರಿ. ಪ್ರಶ್ನೆ ಇನ್ನೂ ನನ್ನ ಬಾಯಲ್ಲೇ ಇದೆ.

ಜನವರಿ ಹತ್ತೊಂಬತ್ತು, ಭಾನುವಾರ, ಬೆಳಿಗ್ಗೆ ಏಳು ಗಂಟೆ. ತಮ್ಮ ಅತಿಥಿಗಳು ಏರಿಯ ಮೇಲೆ ನಿಂತು ಗುಂಡು ಹಾರಿಸಿದರು. ಕೆರೆಯ ಅಂಚಿನಲ್ಲಿ ಮುನಿವೆಂಕಟಮ್ಮ ಸೊಪ್ಪು ಕೊಯ್ಯುತ್ತಿದ್ದಳು. ನಮ್ಮ ಬೀದಿಯ ಮನೆಮನೆಗೂ ದಂಟಿನ ಸೊಪ್ಪು, ಹೊನಗೊನ್ನೆ ಸೊಪ್ಪು ತಂದುಕೊಡುವವಳು ಅವಳೇ. ಏಳು ಹಕ್ಕಿಗಳು ಬಿದ್ದವು. ಅವಳೂ ಬಿದ್ದಳು. ನಾನು ಓಡಿಹೋಗುವಷ್ಟರಲ್ಲಿ ಎಡತೋಳಿನಿಂದ ರಕ್ತ ಸುರಿಯುತ್ತಿತ್ತು. ಸೆರಗು ಹರಿದು ಕಟ್ಟಿದೆ. ಟೋಪಿ ಧರಿಸಿದ ಮಹನೀಯರೊಬ್ಬರು ಬಂದು, ಅವಳದೇ ತಪ್ಪೆಂಬಂತೆ, "ಇಲ್ಲೇನು ಮಾಡ್ತಿದ್ದೆ ನೀನು?" ಎಂದು ಗದರಿದರು.

"ಸೊಪ್ಪು ಕೊಯ್ತಿದ್ದೆ ಸ್ವಾಮಿ. ನೀವೇನು ಕೊಯ್ಯಕ್ ಬಂದಿದ್ರಿ?" ಎಂದಳು ಅವಳು, ಹಲ್ಲು ಕಚ್ಚಿಕೊಂಡು.

ಆಸ್ಪತ್ರೆಯಲ್ಲಿ ವೈದ್ಯರು ಮೂರು ಸೀಸದ ಚರೆಗುಂಡುಗಳನ್ನು ತೆಗೆದರು. ನಾಲ್ಕನೆಯದು ಮೂಳೆಯ ಪಕ್ಕದಲ್ಲಿದೆ, ಅಲ್ಲೇ ಇರಲಿ ಎಂದರು. ಮರುದಿನ ತಮ್ಮ ಪ್ರಕಟಣೆ ಪತ್ರಿಕೆಯಲ್ಲಿ ಬಂತು: 'ಏಳು ಹಕ್ಕಿಗಳ ನಾಶ. ಅಹಿತಕರ ಘಟನೆಗಳಿಲ್ಲ. ಸಾರ್ವಜನಿಕರಲ್ಲಿ ಸಂತೃಪ್ತಿ.' ಅದನ್ನು ಮುನಿವೆಂಕಟಮ್ಮನಿಗೆ ಓದಿ ಹೇಳಿದೆ. ತೃಪ್ತಿಪಡಲು ಪ್ರಯತ್ನಿಸುತ್ತಿದ್ದಾಳೆ.

ಏಕಾಂತಯ್ಯನವರು ಅವಳ ಗುಡಿಸಲಿಗೆ ಹೋಗಿ, "ನಾನು ರುಜು ಹಾಕಿದ್ದು ಹಕ್ಕಿಗಳಿಗೆ ಕಣಮ್ಮ, ನಿನಗಲ್ಲ" ಎಂದು ಕಣ್ಣೊರೆಸಿಕೊಂಡರು. "ಗುಂಡಿಗೆ ಓದಕ್ ಬರಲ್ವಲ್ಲ ಸ್ವಾಮಿ" ಎಂದಳು. ಆ ಮಾತು ಅವರನ್ನು ಕೊರೆಯಿತು. ತಮ್ಮ ಕಚೇರಿಗೆ ಬಂದು ರುಜು ಹಿಂತೆಗೆದುಕೊಳ್ಳುತ್ತೇನೆಂದರು. ಅಭಿಪ್ರಾಯ ಕೊಡುವುದಕ್ಕೆ ನಮೂನೆ ಇದೆ, ಬದಲಿಸುವುದಕ್ಕೆ ಇಲ್ಲ ಎಂದು ತಮ್ಮವರು ಹಿಂದಕ್ಕೆ ಕಳಿಸಿದರು. ಸ್ವತಃ ಗುಮಾಸ್ತರಾಗಿದ್ದವರು ಬೀದಿಯಲ್ಲಿ ನಿಂತು ಸರ್ಕಾರವನ್ನು ಬೈದದ್ದನ್ನು ನಾನು ಅಂದೇ ಮೊದಲು ಕೇಳಿದ್ದು.

ಇನ್ನು ಬೆಳೆಯ ರಕ್ಷಣೆ. ಗುಂಡಿನ ಸದ್ದಿಗೆ ಹೆದರಿದ ಹೆಬ್ಬಾತುಗಳು ಎರಡು ದಿನ ಕಾಣಿಸಲಿಲ್ಲ. ಮೂರನೆಯ ದಿನ ಬಂದವು, ಆದರೆ ಕೆರೆಯ ನೀರಿಗಿಳಿಯುವ ಧೈರ್ಯ ಬರಲಿಲ್ಲ. ಇಡೀ ಹಿಂಡು ನೆಟ್ಟಗೆ ಚಿಕ್ಕಬೈರಪ್ಪನವರ ಗದ್ದೆಗೇ ಇಳಿಯಿತು. ಎರಡು ಒಟ್ಲುಗಳಲ್ಲಿ ಒಂದು ಮಧ್ಯಾಹ್ನದೊಳಗೆ ಬರಿಯ ಕೆಸರಾಯಿತು. "ಮದ್ಲು ವಸಿ ವಸಿ ಮೇಯ್ತಿದ್ವು, ಈಗ ಸರ್ಕಾರವೇ ಅಟ್ಟಿ ಕಳಿಸ್ತು" ಎಂದು ಅವರು ಬದುವಿನ ಮೇಲೆ ಕುಸಿದು ಕೂತರು. ನನಗೆ ಅವರ ಮುಖ ನೋಡಲಾಗಲಿಲ್ಲ. ಅರ್ಜಿಯಲ್ಲಿದ್ದುದು ನನ್ನ ಅಕ್ಷರ.

ಆಮೇಲೆ ತಮ್ಮ ಅಪ್ಪಣೆಗೆ ಕಾಯದೆ ನಾವೇ ಒಂದು ಅಪರಾಧ ಮಾಡಿದೆವು. ಕೆರೆಯ ಹಿಂಬದಿಯ ಹುಲ್ಲುಗಾವಲಿಗೆ ಪೈರು ಬೇರು ಕಚ್ಚುವವರೆಗೆ ಯಾರೂ ಕಾಲಿಡುವುದಿಲ್ಲವೆಂದು ಮುನಿವೆಂಕಟಮ್ಮ ಸೊಪ್ಪಿನವರೆಲ್ಲರನ್ನೂ ಒಪ್ಪಿಸಿದಳು. ಒಂದೇ ಕೈಯಲ್ಲಿ ಬುಟ್ಟಿ ಹೊತ್ತು ಬೇರೆ ಕೆರೆಗೆ ನಡೆದಳು. ಚಿಕ್ಕಬೈರಪ್ಪನವರು, ಏಕಾಂತಯ್ಯನವರು, ನಾನು ದಿನವೂ ಬೆಳಗಾಗುವ ಹೊತ್ತಿಗೆ ಗದ್ದೆಯ ಬದುವಿನಲ್ಲಿ ನಿಂತು ಸೀಮೆಎಣ್ಣೆ ಡಬ್ಬ ಬಡಿದೆವು. ಮೊದಲ ದಿನ ಹಿಂಡು ತಲೆಯ ಮೇಲೆ ಎದ್ದು ಹೋದಾಗ ಏಕಾಂತಯ್ಯನವರು ಬಡಿಯುವುದನ್ನೇ ಮರೆತು, "ಅಯ್ಯೋ, ಇಷ್ಟು ದೊಡ್ಡವೇನ್ರೀ ಇವು!" ಎಂದು ಬಾಯಿ ಬಿಟ್ಟುಕೊಂಡು ನಿಂತರು. ಐದಾರು ದಿನಕ್ಕೆ ಹಕ್ಕಿಗಳಿಗೆ ಅರ್ಥವಾಯಿತು: ಗದ್ದೆಯಲ್ಲಿ ಗದ್ದಲ, ಹುಲ್ಲುಗಾವಲಿನಲ್ಲಿ ನೆಮ್ಮದಿ. ಅವು ಅಲ್ಲಿಗೇ ಹೋದವು. ಉಳಿದ ಒಟ್ಲಿನ ಪೈರು ಹೋದ ಗುರುವಾರ ನಾಟಿಯಾಗಿದೆ. ಇನ್ನೊಂದೆರಡು ವಾರದಲ್ಲಿ ಬೇರು ಕಚ್ಚುತ್ತದೆ. ಅಷ್ಟರಲ್ಲಿ ಹಕ್ಕಿಗಳೂ ತಮ್ಮ ದೇಶಕ್ಕೆ ಹೊರಡುತ್ತವೆ. ಈಗ ತಾವು ಮತ್ತೆ ಬಂದೂಕು ತಂದು ಯಾರನ್ನು ಕಾಪಾಡಬೇಕೆಂದಿದ್ದೀರಿ?

ಆದ್ದರಿಂದ ನನ್ನ ಒತ್ತಾಯವಿಷ್ಟು. ಭಾನುವಾರದ ಬೇಟೆಯನ್ನು ರದ್ದುಪಡಿಸಿ, ಆ ಸುದ್ದಿಯನ್ನು ಓದಲು ಬರುವ ಕನ್ನಡದಲ್ಲಿ ಗೋಡೆಗೆ ಹಚ್ಚಿ. ಸಭೆಯ ದಾಖಲೆಯಿಂದ ನನ್ನ ಮತ್ತು ಏಕಾಂತಯ್ಯನವರ ಸಮ್ಮತಿಯನ್ನು ತೆಗೆಯಿರಿ, ನಮೂನೆಯಿಲ್ಲದಿದ್ದರೆ ನಾನೇ ಗೆರೆ ಹಾಕಿ ಒಂದನ್ನು ಮಾಡಿಕೊಡುತ್ತೇನೆ. ಮುನಿವೆಂಕಟಮ್ಮನ ಬಳಿಗೆ ತಾವೇ ಹೋಗಿ ತಪ್ಪಾಯಿತೆಂದು ಹೇಳಿ. ಮುಂದಿನ ವರ್ಷ ಜನಾಭಿಪ್ರಾಯ ಬೇಕಾದಾಗ ಗದ್ದೆಯ ಬದುವಿಗೆ ಬಂದು ಕೇಳಿ.

ರದ್ದಾಗದಿದ್ದರೂ ಚಿಂತೆಯಿಲ್ಲ. ಭಾನುವಾರ ಬೆಳಿಗ್ಗೆ ಏಳಕ್ಕೆ ನಾವು ನಾಲ್ವರೂ ಹುಲ್ಲುಗಾವಲಿನ ನಡುವೆ, ಹಕ್ಕಿಗಳ ಪಕ್ಕದಲ್ಲೇ ನಿಂತಿರುತ್ತೇವೆ. ಬಂದೂಕು ಬಿಟ್ಟು ಬರುವುದಾದರೆ ತಿಳಿಸಿ, ಬಡಿಯುವುದಕ್ಕೆ ತಮಗೂ ಒಂದು ಡಬ್ಬ ತೆಗೆದಿಡುತ್ತೇವೆ.

ಇಂತಿ,
ಅರ್ಜಿ ಬರೆದ ತಪ್ಪಿಗೆ ಈ ಪತ್ರವನ್ನೂ ಬರೆಯಬೇಕಾಗಿ ಬಂದ
ಶಾಂತಾದೇವಿ
ನಿವೃತ್ತ ಶಿಕ್ಷಕಿ